ಪಠ್ಯೇತರ ವಿಜ್ಞಾನ ಚಟುವಟಿಕೆಗಳು: ಕರ್ನಾಟಕದ ಪ್ರೌಢಶಾಲಾ ಹಂತ

ಪ್ರೌಢಶಾಲೆಯ 8, 9 ಮತ್ತು 10ನೆಯ ತರಗತಿಯ ಮಕ್ಕಳು ಪಾಠದ ಅವಧಿಯ ಆಚೆ, ಪರೀಕ್ಷೆಯ ಅಂಕಕ್ಕೆ ಸೇರದಂತೆ, ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತದಲ್ಲಿ ಕೈಗೊಳ್ಳುವ ಕೆಲಸಗಳು. ಈ ನಾಲ್ಕನ್ನೂ ಒಟ್ಟಿಗೆ 'ಸ್ಟೆಮ್' ಎನ್ನುವ ರೂಢಿ ಈಚಿನದು. ಕೆಲಸಗಳು ಮಾತ್ರ ಹಳೆಯವು: ವಿಜ್ಞಾನ ಸಂಘ, ವಸ್ತುಪ್ರದರ್ಶನ, ಆಕಾಶ ವೀಕ್ಷಣೆ, ರಸಪ್ರಶ್ನೆ, ವಿಜ್ಞಾನ ನಾಟಕ, ಪ್ರಾಜೆಕ್ಟ್, ಒಲಿಂಪಿಯಾಡ್, ಹಕ್ಕಿ ಗಣತಿ. ಕರ್ನಾಟಕದಲ್ಲಿ ಇವುಗಳಿಗೆ ಕೊರತೆಯಿಲ್ಲ. ಅವು ಇವೆ ಎಂಬುದು ಮಗುವಿಗೆ ತಿಳಿಯುವ ಹೊತ್ತಿಗೆ ಕೊನೆಯ ದಿನಾಂಕ ದಾಟಿರುವುದು ಹೆಚ್ಚಿನ ಕಡೆ ಕಾಣುವ ಪಾಡು. ಆದ್ದರಿಂದ ಚಟುವಟಿಕೆಗಳನ್ನು ವಿಷಯವಾರು ವಿಂಗಡಿಸುವುದಕ್ಕಿಂತ ಯಾವುದಕ್ಕೆ ಶಾಲೆಯ ಶಿಫಾರಸು ಬೇಕು, ಯಾವುದಕ್ಕೆ ಬೇಡ ಎಂದು ಬೇರ್ಪಡಿಸಿ ನೋಡುವುದೇ ಉಪಯುಕ್ತ. ಈ ಲೇಖನ ಹಾಗೆಯೇ ಸಾಗುತ್ತದೆ.

ಹಿನ್ನೆಲೆ

ಕನ್ನಡದಲ್ಲಿ ವಿಜ್ಞಾನವನ್ನು ತರಗತಿಯಿಂದ ಹೊರಗೆ ತರುವ ಯತ್ನಕ್ಕೆ ನೂರು ವರ್ಷ ದಾಟಿದೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಡಿಸಿದರು. ಅದು ಹೆಚ್ಚು ಕಾಲ ಬಾಳಲಿಲ್ಲ. 1936ರಲ್ಲಿ ಶಿವರಾಮ ಕಾರಂತರ 'ಬಾಲಪ್ರಪಂಚ' ಮೂರು ಸಂಪುಟಗಳಲ್ಲಿ ಬಂತು. 1962ರಲ್ಲಿ ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಅದರ ವಾರದ ಉಪನ್ಯಾಸಕ್ಕೆ ಯಾರು ಬೇಕಾದರೂ ಬಂದು ಕೂರಬಹುದಿತ್ತು, ಟಿಕೆಟ್ಟಿಲ್ಲ. ಅದೇ ವರ್ಷ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಕಟ್ಟಡವನ್ನು ನೆಹರು ಉದ್ಘಾಟಿಸಿದರು. ಮೊದಲ ಗ್ಯಾಲರಿ ಜನರಿಗೆ ತೆರೆದದ್ದು 1965ರಲ್ಲಿ.

ಇವೆಲ್ಲ ಬಹುಮಟ್ಟಿಗೆ ಬೆಂಗಳೂರಿನ ಕಥೆ. ವಿಜ್ಞಾನವನ್ನು ಜಿಲ್ಲೆಗಳಿಗೆ ಒಯ್ದ ಕೆಲಸದ ದೊಡ್ಡ ಪಾಲು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿಗೆ, ಅಂದರೆ ಮೇಷ್ಟ್ರುಗಳ ಬಾಯಲ್ಲಿ 'ಕರಾವಿಪ'ಕ್ಕೆ, ಸಲ್ಲಬೇಕು. ಅದು ಸ್ಥಾಪನೆಯಾದದ್ದು 1980ರಲ್ಲಿ. ಅದೇ ವರ್ಷದ ಫೆಬ್ರುವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡಲಂಚಿನಿಂದ ರಾಯಚೂರಿನವರೆಗೆ ರಾಜ್ಯವನ್ನು ಹಾದುಹೋಯಿತು. ಬೀದಿಗಳು ಬರಿದಾಗಿ, ಜನ ಬಾಗಿಲು ಹಾಕಿಕೊಂಡು ಕುಳಿತ ಆ ಮಧ್ಯಾಹ್ನದಂಥವೇ ವಿಜ್ಞಾನ ಪ್ರಸಾರಕ್ಕೆ ಕಾರಣ ಒದಗಿಸಿದವು. ಪರಿಷತ್ತಿನ ಮಾಸಿಕ 'ಬಾಲವಿಜ್ಞಾನ', ಜೆ.ಆರ್. ಲಕ್ಷ್ಮಣರಾವ್ ಅವರಂಥ ಬರೆಹಗಾರರ ದುಡಿಮೆಯಿಂದ, ಹಳ್ಳಿಶಾಲೆಯ ಕಪಾಟಿನವರೆಗೂ ತಲುಪಿತು. ಹಲವು ಶಾಲೆಗಳಲ್ಲಿ ಪಠ್ಯಪುಸ್ತಕದ ಹೊರಗಿನ ವಿಜ್ಞಾನದ ಓದೆಂದರೆ ಅದೊಂದೇ ಆಗಿತ್ತು.

ಶಾಲೆಯ ಬಾಗಿಲಿನಿಂದ ಹೋಗುವವು

ಸರ್ಕಾರಿ ಯೋಜನೆಗಳ ಪೈಕಿ ಹೆಚ್ಚಿನವಕ್ಕೆ ಮಗು ತಾನೇ ಅರ್ಜಿ ಹಾಕುವಂತಿಲ್ಲ. ಶಾಲೆ ಹೆಸರು ಕಳಿಸಬೇಕು, ಮಾರ್ಗದರ್ಶಿ ಶಿಕ್ಷಕರೊಬ್ಬರು ಜೊತೆಗಿರಬೇಕು.

ಇವುಗಳಲ್ಲಿ ನಿಜವಾದ ವಿಜ್ಞಾನಕ್ಕೆ ಅತಿ ಹತ್ತಿರವಾದದ್ದು ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಬೆಂಬಲದಲ್ಲಿ 1993ರಿಂದ ನಡೆದುಬಂದಿದೆ. 10ರಿಂದ 17 ವರ್ಷದ ಮಕ್ಕಳಿಗೆ, ಕಿರಿಯ ಮತ್ತು ಹಿರಿಯ ಎಂಬ ಎರಡು ವಿಭಾಗ. ಕರ್ನಾಟಕದಲ್ಲಿ ಇದನ್ನು ಸಂಘಟಿಸುತ್ತ ಬಂದದ್ದು ವಿಜ್ಞಾನ ಪರಿಷತ್ತು. ಎರಡು ವರ್ಷಕ್ಕೊಂದು ಮುಖ್ಯ ವಿಷಯ ಕೊಡುತ್ತಾರೆ. 2022–23ಕ್ಕೆ ಆರೋಗ್ಯ ಮತ್ತು ಯೋಗಕ್ಷೇಮಕ್ಕಾಗಿ ಪರಿಸರ ವ್ಯವಸ್ಥೆಯನ್ನು ಅರಿಯುವುದು ವಿಷಯವಾಗಿತ್ತು. ಮಾದರಿ ಮಾಡಿ ಮೇಜಿನ ಮೇಲಿಟ್ಟರೆ ಇಲ್ಲಿ ಸಾಲದು. ತಂಡದ ಮಕ್ಕಳು ತಮ್ಮ ಊರಿನ ಒಂದು ಸಮಸ್ಯೆ ಹಿಡಿದು, ಅಳೆದು, ಜನರನ್ನು ಕೇಳಿ, ಅಂಕಿಅಂಶ ಕೂಡಿಹಾಕಿ, ವರದಿ ಬರೆದು ಮಂಡಿಸಬೇಕು. ಮಂಡನೆ ಕನ್ನಡದಲ್ಲಿ ಆಗಬಹುದು ಎಂಬುದು ಸಣ್ಣ ಸಂಗತಿಯಲ್ಲ.

ಪಾವಗಡ, ಬಾಗೇಪಲ್ಲಿ ಕಡೆಯ ಮಗುವಿಗೆ ವಿಷಯ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅಲ್ಲಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಾಗ 1.5ರವರೆಗೆ. ಜಲಜೀವನ್ ಮಿಷನ್ ಅಡಿಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ಅದನ್ನು ಬಳಸಲು ಊರಿನ ಹೆಂಗಸರಿಗೆ ತರಬೇತಿಯೂ ಆಗಿದೆ. ಅವರ ಜೊತೆ ಕೂತು ಊರಿನ ಇಪ್ಪತ್ತು ಬಾವಿಗಳ ನೀರು ನೋಡಿ, ಕೊಳವೆಯ ಆಳದ ಪಕ್ಕದಲ್ಲಿ ಫ್ಲೋರೈಡಿನ ಅಂಕಿ ಬರೆದರೆ ಒಂದು ಗ್ರಾಫ್ ಸಿಗುತ್ತದೆ. ಆಳ ಹೆಚ್ಚಿದಂತೆ ಫ್ಲೋರೈಡ್ ಹೆಚ್ಚುತ್ತದೆಯೇ, ಬೇಸಿಗೆಗೂ ಮಳೆಗಾಲದ ಕೊನೆಗೂ ವ್ಯತ್ಯಾಸವಿದೆಯೇ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಮಲೆನಾಡಿನ ಮಗುವಿಗೆ ಅಡಿಕೆ ಬೇಯಿಸಿದ ಚೊಗರಿದೆ, ಕರಾವಳಿಯವರಿಗೆ ಉಪ್ಪಾಗುತ್ತಿರುವ ಬಾವಿಗಳಿವೆ. ಸಮಾವೇಶದಲ್ಲಿ ತೀರ್ಪುಗಾರರು ಕೆಣಕುವುದೂ ಇದನ್ನೇ: ಎಷ್ಟು ಸಲ ಅಳೆದಿರಿ, ಲೆಕ್ಕ ತಪ್ಪಿಲ್ಲವೆಂದು ಹೇಗೆ ಗೊತ್ತು, ಈ ವಾಕ್ಯ ನಿಮ್ಮದೋ ಮೇಷ್ಟ್ರದೋ.

ಇನ್‌ಸ್ಪೈರ್ ಅವಾರ್ಡ್–ಮಾನಕ್ ಬೇರೆ ಜಾಯಮಾನದ್ದು. ಇದನ್ನು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯೂ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನವೂ ಸೇರಿ ನಡೆಸುತ್ತವೆ. 6ರಿಂದ 10ನೆಯ ತರಗತಿಯ ಮಕ್ಕಳಿಗೆಂದು ರೂಪಿಸಿದ ಯೋಜನೆಯಿದು; ಶಾಲೆಯೊಂದು ಐದು ಹೊಸ ಆಲೋಚನೆಗಳನ್ನು ಕಳಿಸಬಹುದು. ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ನೇರವಾಗಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಬೀಳುತ್ತದೆ. ಆಮೇಲೆ ಜಿಲ್ಲೆ, ರಾಜ್ಯ, ರಾಷ್ಟ್ರ. ಇಲ್ಲಿ ಬೇಕಾದದ್ದು ಅಂಕವಲ್ಲ, ಉಪಯೋಗಕ್ಕೆ ಬರುವ ಒಂದು ಉಪಾಯ. ಮನೆಯಲ್ಲಿ ತಾಯಿ, ಹೊಲದಲ್ಲಿ ಅಜ್ಜ ದಿನವೂ ಗೊಣಗುವ ತೊಂದರೆಯನ್ನು ಗಮನಿಸಿದ ಮಗುವಿಗೆ, ಯೂಟ್ಯೂಬ್ ನೋಡಿ ಅಂಧರ ಕೋಲಿಗೆ ಸೆನ್ಸರ್ ಅಂಟಿಸುವ ಮಗುವಿಗಿಂತ, ಇಲ್ಲಿ ಅವಕಾಶ ಹೆಚ್ಚಿರಬೇಕು. ಹಾಗೆ ಆಗುತ್ತದೆಯೇ ಎಂಬುದು ಆಯಾ ವರ್ಷದ ತೀರ್ಪುಗಾರರ ಮೇಲೆ ನಿಂತ ಮಾತು.

ವಿಜ್ಞಾನ ವಸ್ತುಪ್ರದರ್ಶನ ಎಲ್ಲಕ್ಕಿಂತ ಪರಿಚಿತ, ಎಲ್ಲಕ್ಕಿಂತ ಸವೆದದ್ದೂ ಹೌದು. ಅಡುಗೆ ಸೋಡಾ ಮತ್ತು ವಿನೆಗರ್ ಉಕ್ಕಿಸುವ ಜ್ವಾಲಾಮುಖಿ, ಇಂಜೆಕ್ಷನ್ ಸಿರಿಂಜಿನ ಜೆಸಿಬಿ, ಥರ್ಮಾಕೋಲಿನ ಮಳೆನೀರು ಕೊಯ್ಲು ಇಲ್ಲದ ಪ್ರದರ್ಶನ ಅಪರೂಪ. ಕ್ಲಸ್ಟರಿನಿಂದ ರಾಜ್ಯದವರೆಗೆ ಏರುವ ಈ ಏಣಿಯ ತುದಿಯಲ್ಲಿ ಎನ್‌ಸಿಇಆರ್‌ಟಿಯ ರಾಷ್ಟ್ರೀಯ ಪ್ರದರ್ಶನವಿದೆ. ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ನಡೆಸುವ ದಕ್ಷಿಣ ಭಾರತ ವಿಜ್ಞಾನ ಮೇಳ, ವಿಜ್ಞಾನ ವಿಚಾರಗೋಷ್ಠಿ ಮತ್ತು ವಿಜ್ಞಾನ ನಾಟಕ ಸ್ಪರ್ಧೆಗಳಿಗೂ ಶಾಲೆಯ ಮೂಲಕವೇ ಹೋಗಬೇಕು. ನಾಟಕವನ್ನು ಕಡೆಗಣಿಸುವವರೇ ಹೆಚ್ಚು. ಲೆಕ್ಕದಲ್ಲಿ ಹಿಂದಿರುವ, ಮಾತಿನಲ್ಲಿ ಮುಂದಿರುವ ಹುಡುಗನೊಬ್ಬ ಸಿಡುಬಿನ ಲಸಿಕೆಯ ಕಥೆಯಲ್ಲಿ ಪಾತ್ರ ಮಾಡಿ ವಿಜ್ಞಾನದ ಒಳಗೆ ಬರುವ ದಾರಿ ಅದು.

ಅಟಲ್ ಟಿಂಕರಿಂಗ್ ಲ್ಯಾಬ್ ಶಾಲೆಯ ಆವರಣದಲ್ಲೇ ಇರುವ ಕಾರ್ಯಾಗಾರ. ನೀತಿ ಆಯೋಗದ ಅಟಲ್ ಇನ್ನೊವೇಷನ್ ಮಿಷನ್ 2016ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು: ಅರ್ಧ ಸಲಕರಣೆಗೆ, ಅರ್ಧ ಐದು ವರ್ಷದ ನಿರ್ವಹಣೆಗೆ. ದೇಶದಲ್ಲಿ ಇಂಥ 10,000 ಲ್ಯಾಬುಗಳಾದವು. ಸರ್ಕಾರಿ ಶಾಲೆಗಳಲ್ಲಿ ಐದು ವರ್ಷದೊಳಗೆ ಇನ್ನೂ 50,000 ಮಾಡುವುದಾಗಿ 2025ರ ಕೇಂದ್ರ ಬಜೆಟ್ ಹೇಳಿತು. ತ್ರೀಡಿ ಪ್ರಿಂಟರ್, ಆರ್ಡುಯಿನೊ ಬೋರ್ಡು, ಸೆನ್ಸರು, ಬೆಸುಗೆ ಹಾಕುವ ಕಡ್ಡಿ ಎಲ್ಲವೂ ಅಲ್ಲಿರುತ್ತವೆ. ಬೀಗದ ಕೈ ಯಾರ ಬಳಿ ಇದೆ ಎಂಬುದರ ಮೇಲೆ ಉಳಿದದ್ದು. ಪ್ರಿಂಟರ್ ಕೆಟ್ಟೀತೆಂದು ಹೆದರಿ ಮುಸುಕು ಹಾಕಿಟ್ಟ ಲ್ಯಾಬುಗಳಿವೆ; ಸಂಜೆ ಆರರವರೆಗೂ ಮಕ್ಕಳು ಬಿಟ್ಟುಹೋಗದ ಲ್ಯಾಬುಗಳೂ ಇವೆ. ನೆರೆಶಾಲೆಗಳ ಮಕ್ಕಳಿಗೂ ಇವು ತೆರೆದಿರಬೇಕೆಂಬ ಆಶಯ ಯೋಜನೆಯಲ್ಲೇ ಇದೆ. ಹೀಗಾಗಿ ತನ್ನ ಶಾಲೆಯಲ್ಲಿ ಲ್ಯಾಬ್ ಇಲ್ಲದ ಮಗು ಹತ್ತಿರದ ಶಾಲೆಯನ್ನು ಕೇಳುವುದು ದಾಕ್ಷಿಣ್ಯದ ಮಾತಾಗಬೇಕಿಲ್ಲ.

ಈ ಸಾಲಿನಲ್ಲಿ ಸ್ಪರ್ಧೆಯೇ ಇಲ್ಲದ ಒಂದು ಪ್ರಯೋಗವನ್ನೂ ಹೇಳಬೇಕು. ಭಾರತ ಜ್ಞಾನ ವಿಜ್ಞಾನ ಸಮಿತಿಯ ಒಡನಾಟದಲ್ಲಿ ರೂಪುಗೊಂಡ ಮಕ್ಕಳ ವಿಜ್ಞಾನ ಹಬ್ಬದಲ್ಲಿ 'ಹಾಡು ಆಡು', 'ಕಾಗದ ಕತ್ತರಿ', 'ಮಾಡು ಆಡು', 'ಊರು ತಿಳಿಯೋಣ' ಎಂಬ ಮೂಲೆಗಳಿದ್ದವು. ಮೊದಲನೆಯವನು, ಎರಡನೆಯವನು ಎಂಬ ಪಟ್ಟಿ ಇರಲಿಲ್ಲ. ಮುಂದೆ ಬಂದ ಕಲಿಕಾ ಹಬ್ಬವೂ ಇದೇ ಜಾಡಿನದು.

ಒಲಿಂಪಿಯಾಡುಗಳು

ಈ ಹೆಸರಿನ ಸುತ್ತ ಗೊಂದಲ ಬಹಳ. ಖಾಸಗಿ ಸಂಸ್ಥೆಗಳು ಶುಲ್ಕ ಪಡೆದು, ಶಾಲೆಯಲ್ಲೇ ಪರೀಕ್ಷೆ ನಡೆಸಿ, ತರಗತಿಗೊಂದು ಪದಕ ಕೊಡುವ 'ಒಲಿಂಪಿಯಾಡ್'ಗಳಿಗೂ ದೇಶದ ತಂಡವನ್ನು ಆರಿಸುವ ಒಲಿಂಪಿಯಾಡಿಗೂ ಸಂಬಂಧವಿಲ್ಲ. ಎರಡನೆಯದರ ಕೇಂದ್ರ ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ. ಹತ್ತನೆಯ ತರಗತಿಯೊಳಗಿನ ಮಕ್ಕಳಿಗೆ ಅಲ್ಲಿ ಮುಖ್ಯವಾಗಿ ಎರಡು ದಾರಿ.

ಗಣಿತದ್ದು ಐಒಕ್ಯೂಎಂ ಎಂಬ ಮೂರು ಗಂಟೆಯ ಪರೀಕ್ಷೆಯಿಂದ ಆರಂಭ. ಮೂವತ್ತು ಲೆಕ್ಕ, ಪ್ರತಿ ಉತ್ತರವೂ 00ರಿಂದ 99ರೊಳಗಿನ ಒಂದು ಸಂಖ್ಯೆ. ಆಯ್ಕೆಗಳಿಲ್ಲವಾದ್ದರಿಂದ ಊಹಿಸಿ ಗೆಲ್ಲುವಂತಿಲ್ಲ. ಅದು ದಾಟಿದರೆ ಪ್ರಾದೇಶಿಕ, ಆಮೇಲೆ ರಾಷ್ಟ್ರೀಯ ಹಂತ. ಅಲ್ಲಿ ಆರು ಲೆಕ್ಕಗಳಿಗೆ ಪೂರ್ತಿ ಸಾಧನೆ ಬರೆಯಬೇಕು. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ತೆಗೆದವರು ಮೊದಲ ದಿನ ಮೂರು ಲೆಕ್ಕ ಬಿಡಿಸಲಾರದೆ ಬೆವರುವುದು ಸಾಮಾನ್ಯ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಅಲ್ಲಿ ಕೇಳುವುದು ಸೂತ್ರ ಹಚ್ಚುವುದನ್ನಲ್ಲ. ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡಿಗೆ ಭಾರತ 1989ರಿಂದ ಹೋಗುತ್ತಿದೆ. ಆ ತಂಡಗಳನ್ನು ವರ್ಷಾನುಗಟ್ಟಲೆ ತರಬೇತುಗೊಳಿಸಿದ ಸಿ.ಆರ್. ಪ್ರಾಣೇಶಾಚಾರ್ ಮತ್ತು ಬಿ.ಜೆ. ವೆಂಕಟಾಚಲ ಕೂತು ಕೆಲಸ ಮಾಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಿತ ವಿಭಾಗದಲ್ಲಿ.

ವಿಜ್ಞಾನದ್ದು ಎನ್‌ಎಸ್‌ಇಜೆಎಸ್. ಭೌತವಿಜ್ಞಾನ ಶಿಕ್ಷಕರ ಭಾರತೀಯ ಸಂಘ ನವೆಂಬರ್ ಕೊನೆಯಲ್ಲಿ ನಡೆಸುವ ಈ ಪರೀಕ್ಷೆಯಲ್ಲಿ ಭೌತ, ರಸಾಯನ, ಜೀವ ವಿಜ್ಞಾನ ಮೂರೂ ಬೆರೆತಿರುತ್ತವೆ. ಅಂತಾರಾಷ್ಟ್ರೀಯ ಕಿರಿಯರ ವಿಜ್ಞಾನ ಒಲಿಂಪಿಯಾಡಿಗೆ ಇದೇ ಮೊದಲ ಮೆಟ್ಟಿಲು.

ಕಂಪ್ಯೂಟರ್ ವಿಜ್ಞಾನದ ಒಲಿಂಪಿಯಾಡಿಗೆ ಕಂಪ್ಯೂಟರ್ ಬೇಕೇಬೇಕು ಎಂದುಕೊಂಡವರು ಬಹಳ. ವಲಯ ಮಟ್ಟದ ಜಿಯೊ ಪರೀಕ್ಷೆಯನ್ನು ಕಾಗದ ಪೆನ್ನಿನಲ್ಲೇ ಬರೆಯಬೇಕು: ಒಂದು ಸಮಸ್ಯೆ ಕೊಟ್ಟು, ಮೂರು ಬಗೆಯ ದತ್ತಾಂಶಕ್ಕೆ ಉತ್ತರವನ್ನು ಕೈಯಾರೆ ಕಂಡುಹಿಡಿಯಿರಿ ಎನ್ನುತ್ತಾರೆ. ಪ್ರೋಗ್ರಾಮಿಂಗ್ ಭಾಷೆಯ ಒಂದಕ್ಷರವೂ ತಿಳಿಯದ ಮಗು ಕೂರಬಹುದು. ಭಾಷಾಶಾಸ್ತ್ರಕ್ಕೂ ಒಂದು ಒಲಿಂಪಿಯಾಡ್ ಇದೆ. ನಮ್ಮ ದೇಶದ ಸುತ್ತಿಗೆ ಪಾಣಿನಿಯ ಹೆಸರು. 2016ರಲ್ಲಿ ಅದರ ಅಂತಾರಾಷ್ಟ್ರೀಯ ಕೂಟ ಮೈಸೂರಿನಲ್ಲೇ ನಡೆಯಿತು. ಎಂದೂ ಕೇಳದ ಭಾಷೆಯ ಹತ್ತು ವಾಕ್ಯ ಕೊಟ್ಟು ಅದರ ವ್ಯಾಕರಣ ಕಂಡುಹಿಡಿಯಿರಿ ಎನ್ನುವ ಆ ಸಮಸ್ಯೆಗಳು, ಮನೆಯಲ್ಲಿ ತುಳು ಅಥವಾ ದಖನಿ, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಬೆಳೆದ ಮಕ್ಕಳಿಗೆ ಹೇಳಿ ಮಾಡಿಸಿದಂತಿವೆ. ಆದರೂ ನಮ್ಮ ಶಾಲೆಗಳಲ್ಲಿ ಇದರ ಹೆಸರು ಕೇಳಿದವರು ವಿರಳ.

ಶಿಫಾರಸು ಬೇಡದವು

ಯಾರ ಸಹಿಯೂ ಇಲ್ಲದೆ ಆರಂಭಿಸಬಹುದಾದ ಕೆಲಸಗಳಲ್ಲಿ ಆಕಾಶ ಮೊದಲನೆಯದು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ 1989ರಿಂದ ಇದೆ. ಅದನ್ನು ನಡೆಸುವ ಬೆಂಗಳೂರು ವಿಜ್ಞಾನ ಶಿಕ್ಷಣ ಸಂಘವು ಪ್ರೌಢಶಾಲಾ ಮಕ್ಕಳಿಗೆ ವಾರಾಂತ್ಯದ ತರಗತಿಗಳನ್ನೂ ಏರ್ಪಡಿಸುತ್ತ ಬಂದಿದೆ. ಮಂಗಳೂರಿನ ಪಿಲಿಕುಳದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರದ ಜೊತೆ 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯವಿದೆ. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ 1984ರಷ್ಟು ಹಳೆಯದು, ಧಾರವಾಡದಲ್ಲೂ ಪ್ರಾದೇಶಿಕ ಕೇಂದ್ರವಿದೆ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ, ಬೆಂಗಳೂರಿನ ಹವ್ಯಾಸಿ ಸಂಘಗಳು ದೂರದರ್ಶಕ ಇಟ್ಟು ಜನರನ್ನು ಕರೆಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ, ಮಲೆನಾಡಿನಲ್ಲಿ ನಕ್ಷತ್ರದ ಮಾತೆತ್ತುವಂತಿಲ್ಲ. ಅಲ್ಲಿನ ಕಾರ್ಯಕ್ರಮಗಳೆಲ್ಲ ದೀಪಾವಳಿಯ ಆಚೆಗೆ.

ದೂರದರ್ಶಕವಿಲ್ಲದೆಯೂ ನಡೆಯುವ ಒಳ್ಳೆಯ ಪ್ರಯೋಗ ಶೂನ್ಯ ನೆರಳಿನ ದಿನದ್ದು. ಸೂರ್ಯ ನೆತ್ತಿಯ ಮೇಲೆ ನೇರ ಬರುವುದು ಕರ್ನಾಟಕದ ಒಂದೊಂದು ಅಕ್ಷಾಂಶಕ್ಕೆ ವರ್ಷದಲ್ಲಿ ಎರಡು ಸಲ. ಬೆಂಗಳೂರಿಗೆ ಅದು ಏಪ್ರಿಲ್ 24ರ ಸುಮಾರಿಗೆ, ಮಧ್ಯಾಹ್ನ 12 ಗಂಟೆ 17–18 ನಿಮಿಷದ ಹೊತ್ತಿಗೆ. ಮಂಗಳೂರಿಗೆ ಹೆಚ್ಚು ಕಡಿಮೆ ಅದೇ ದಿನ, ಆದರೆ ಸುಮಾರು 11 ನಿಮಿಷ ತಡವಾಗಿ, ಏಕೆಂದರೆ ಅದು ಪಶ್ಚಿಮಕ್ಕಿದೆ. ಬೀದರಿಗೆ ಮೇ ಎರಡನೆಯ ವಾರದವರೆಗೆ ಕಾಯಬೇಕು. ಬೆಂಗಳೂರಿನಲ್ಲಿ ನೆರಳು ಮಾಯವಾದ ದಿನ ಬೀದರಿನಲ್ಲಿ ನೆಟ್ಟ ಒಂದು ಮೀಟರ್ ಕೋಲಿನ ನೆರಳು ಸ್ಥಳೀಯ ಮಧ್ಯಾಹ್ನದಲ್ಲಿ ಸುಮಾರು 8.6 ಸೆಂಟಿಮೀಟರ್ ಇರುತ್ತದೆ. ಅಂದರೆ ಕೋನ 5 ಡಿಗ್ರಿಯ ಆಸುಪಾಸು. ಎರಡೂ ಊರುಗಳ ಉತ್ತರ–ದಕ್ಷಿಣ ಅಂತರ ಸುಮಾರು 550 ಕಿಲೋಮೀಟರ್. 5 ಡಿಗ್ರಿಗೆ 550 ಆದರೆ 360 ಡಿಗ್ರಿಗೆ 39,600. ಭೂಮಿಯ ಸುತ್ತಳತೆ 40,000 ಕಿಲೋಮೀಟರಿಗೆ ಹತ್ತಿರ ಬಂದುಬಿಟ್ಟಿತು. ಎರಟಾಸ್ತನೀಸ್ ಎರಡು ಸಾವಿರ ವರ್ಷಗಳ ಹಿಂದೆ ಮಾಡಿದ ಲೆಕ್ಕವನ್ನು ಎರಡು ಶಾಲೆಗಳು ಫೋನಿನಲ್ಲಿ ಮಾತಾಡಿಕೊಂಡು ಮಾಡಬಹುದು. ತೊಡಕೊಂದೇ: ಏಪ್ರಿಲ್‌ನಲ್ಲಿ ಶಾಲೆಗೆ ಬೇಸಿಗೆ ರಜೆ, ಆಗಸ್ಟ್‌ನ ಎರಡನೆಯ ಸರದಿಗೆ ಮೋಡ. ರಜೆಯಲ್ಲೂ ಫೋನ್ ಎತ್ತುವ ಮೇಷ್ಟ್ರು ಇದ್ದರೆ ಕೆಲಸ ಆದಂತೆ.

ಸುತ್ತಲ ಜೀವಲೋಕ ಎರಡನೆಯದು. ಮೈಸೂರು ಮೂಲದ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ನಂಟಿರುವ ಸೀಸನ್‌ವಾಚ್‌ನಲ್ಲಿ ಒಂದು ಮರವನ್ನು ಆರಿಸಿಕೊಂಡು ವಾರವಾರವೂ ಅದರ ಚಿಗುರು, ಹೂ, ಕಾಯಿಗಳನ್ನು ದಾಖಲಿಸುತ್ತಾರೆ. ಶಾಲೆಯ ಹಿಂದಿನ ಹೊಂಗೆ ಅಥವಾ ಹಲಸು ಸಾಕು. ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಭಾರತ 2013ರಿಂದ ಸೇರಿದೆ; ಕನಿಷ್ಠ 15 ನಿಮಿಷ ಒಂದೆಡೆ ನಿಂತು ಕಂಡ ಹಕ್ಕಿಗಳನ್ನೆಲ್ಲ ಎಣಿಸಿ ಇ–ಬರ್ಡ್‌ಗೆ ಸೇರಿಸುವುದಷ್ಟೇ ಕೆಲಸ. ಮಗುವಿನ ಎಣಿಕೆ ವಿಜ್ಞಾನಿಗಳು ಬಳಸುವ ದತ್ತಾಂಶದ ಭಾಗವಾಗುತ್ತದೆ. ಪ್ರದರ್ಶನದ ಜ್ವಾಲಾಮುಖಿಗೆ ಆ ಭಾಗ್ಯವಿಲ್ಲ.

ಇಸ್ರೊದ ಯುವಿಕಾ ಇಲ್ಲಿಗೂ ಸೇರುತ್ತದೆ, ಅಲ್ಲಿಗೂ ಸೇರುತ್ತದೆ: ಅರ್ಜಿಯನ್ನು ಮಗು ತಾನೇ ಆನ್‌ಲೈನಿನಲ್ಲಿ ಹಾಕಬಹುದು, ದಾಖಲೆಗಳಿಗೆ ಶಾಲೆಯ ದೃಢೀಕರಣ ಬೇಕು. 2019ರಲ್ಲಿ ಆರಂಭವಾದ ಇದು 9ನೆಯ ತರಗತಿಯವರಿಗೆ ಮಾತ್ರ. ಮೇ ತಿಂಗಳಲ್ಲಿ ಸುಮಾರು ಎರಡು ವಾರ ಇಸ್ರೊ ಕೇಂದ್ರದಲ್ಲೇ ವಾಸ. ಪ್ರಯಾಣ, ಊಟ, ವಸತಿಯ ವೆಚ್ಚ ಇಸ್ರೊದ್ದು. ಆಯ್ಕೆಯಲ್ಲಿ 8ನೆಯ ತರಗತಿಯ ಅಂಕಕ್ಕೆ ಅರ್ಧದಷ್ಟು ತೂಕ. ಉಳಿದದ್ದು ಆನ್‌ಲೈನ್ ರಸಪ್ರಶ್ನೆ, ವಿಜ್ಞಾನ ಮೇಳ, ಒಲಿಂಪಿಯಾಡ್, ಸ್ಕೌಟ್ಸ್ ಇತ್ಯಾದಿಗಳಿಗೆ. ಪಂಚಾಯಿತಿ ವ್ಯಾಪ್ತಿಯ ಶಾಲೆಯಲ್ಲಿ ಓದುತ್ತಿದ್ದರೆ ಅದಕ್ಕೇ ಪ್ರತ್ಯೇಕ ಅಂಕವುಂಟು. ನಗರದ ದುಬಾರಿ ಶಾಲೆಗಿಂತ ಹಳ್ಳಿಯ ಸರ್ಕಾರಿ ಪ್ರೌಢಶಾಲೆ ಮುಂದಿರುವ ಅಪರೂಪದ ಸಾಲು ಇದು.

ಅಗಸ್ತ್ಯ ಇಂಟರ್‌ನ್ಯಾಷನಲ್ ಫೌಂಡೇಶನ್ (ಸ್ಥಾಪನೆ 1999) ಸಂಚಾರಿ ಪ್ರಯೋಗಾಲಯದ ವ್ಯಾನುಗಳನ್ನು ಹಳ್ಳಿಶಾಲೆಗಳಿಗೆ ಓಡಿಸುತ್ತಿದೆ. ಗಡಿಯಾಚೆಯ ಕುಪ್ಪಂನಲ್ಲಿ ಅದರ ದೊಡ್ಡ ಆವರಣವಿದೆ. ಪ್ರಯೋಗ ಕಲಿತ ಮಕ್ಕಳೇ ಇತರ ಮಕ್ಕಳಿಗೆ ಕಲಿಸುವ ಅದರ ಪದ್ಧತಿ ಅನುಕರಣೆಗೆ ಯೋಗ್ಯ. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ಎಲ್ಲ ಪ್ರಯೋಗಾಲಯಗಳ ಬಾಗಿಲನ್ನು ಜನರಿಗೆ ತೆರೆಯುತ್ತದೆ. ಆ ದಿನದ ನೂಕುನುಗ್ಗಲಿನಲ್ಲಿ ಹತ್ತು ವಿಭಾಗ ಸುತ್ತುವುದಕ್ಕಿಂತ ಎರಡರಲ್ಲಿ ನಿಂತು ಸಂಶೋಧಕರನ್ನು ಪ್ರಶ್ನೆ ಕೇಳಿದ ಮಗುವಿಗೆ ಲಾಭ ಹೆಚ್ಚು.

ಹುಡುಕುವ ಬಗೆ

ಸುತ್ತೋಲೆ ಬೆಂಗಳೂರಿನಿಂದ ಹೊರಟು ಉಪನಿರ್ದೇಶಕರ ಕಚೇರಿ, ಬಿಇಒ ಕಚೇರಿ ದಾಟಿ ಮುಖ್ಯ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತದೆ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕಗಳ ನಡುವೆ ಅಲ್ಲೇ ಹೂತುಹೋಗುತ್ತದೆ. ಯಾವ ತಿಂಗಳಲ್ಲಿ ಏನು ಬರುತ್ತದೆಂದು ಮೊದಲೇ ತಿಳಿದ ಮಗು ಕೇಳಿದರೆ ಅದು ಮೇಲೆ ಬರುತ್ತದೆ. ಶಾಲೆ ತೆರೆದ ಜೂನ್‌ನಿಂದ ಇನ್‌ಸ್ಪೈರ್, ಆಗಸ್ಟ್‌ನಿಂದಾಚೆ ಮಕ್ಕಳ ಸಮಾವೇಶದ ನೋಂದಣಿ, ಸೆಪ್ಟೆಂಬರ್ ಆರಂಭದಲ್ಲಿ ಗಣಿತ ಒಲಿಂಪಿಯಾಡಿನ ಮೊದಲ ಪರೀಕ್ಷೆ, ಅದಕ್ಕೂ ಮುಂಚೆ ಅದರ ನೋಂದಣಿ, ನವೆಂಬರ್‌ನಲ್ಲಿ ವಿಜ್ಞಾನದ್ದು, ಫೆಬ್ರುವರಿ–ಮಾರ್ಚ್ ಹೊತ್ತಿಗೆ ಯುವಿಕಾ. ಒಂದೊಂದು ವರ್ಷ ಹಿಂದುಮುಂದಾದರೂ ಕ್ರಮ ಇದೇ. ಶಾಲೆಯಲ್ಲಿ ಕೇಳುವವರಿಲ್ಲದಿದ್ದರೆ ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆ (ಡಯಟ್), ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ ಸಿಆರ್‌ಪಿ, ಕರಾವಿಪದ ಜಿಲ್ಲಾ ಸಂಯೋಜಕರು ಇದ್ದಾರೆ. ಇಂಟರ್ನೆಟ್ಟಿಲ್ಲದ ಮನೆಯವರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗಿನ ಅರಿವು ಕೇಂದ್ರ, ನೆರವಾಗಬಹುದು; 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಅಲ್ಲಿ ಸದಸ್ಯತ್ವ ಉಚಿತ.

ಮೂರು ವರ್ಷಗಳಲ್ಲಿ 9ನೆಯ ತರಗತಿಯೇ ಬಿಡುವಿನ ವರ್ಷ. ಎಂಟರಲ್ಲಿ ಹೊಸ ಶಾಲೆಗೆ ಹೊಂದಿಕೊಳ್ಳಬೇಕು, ಹತ್ತರಲ್ಲಿ ಎಸ್ಸೆಸ್ಸೆಲ್ಸಿಯ ವಿಶೇಷ ತರಗತಿಗಳು ಬೆಳಗ್ಗೆ ಸಂಜೆ ಎರಡನ್ನೂ ನುಂಗುತ್ತವೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ತಡೆ: ಸಂಜೆಯ ಆಕಾಶ ವೀಕ್ಷಣೆ, ಹೊರಜಿಲ್ಲೆಯ ಶಿಬಿರಗಳಿಗೆ ಜೊತೆಗೆ ಬರುವ ಶಿಕ್ಷಕಿ ಇಲ್ಲದಿದ್ದರೆ ಮನೆಯಲ್ಲಿ ಒಪ್ಪುವುದಿಲ್ಲ. ಕೊನೆಯ ಬಸ್ಸಿಗೆ ಮುಂಚೆ ಮುಗಿಯುವಂತೆ ಕಾರ್ಯಕ್ರಮ ಇಟ್ಟುಕೊಂಡ ಸಂಘಟಕರಿಗೆ ಹುಡುಗಿಯರು ಸಿಕ್ಕಿದ್ದಾರೆ. ಭಾಷೆಯೂ ತಡೆಯೇ: ಸಮಾವೇಶ, ಇನ್‌ಸ್ಪೈರ್, ನಾಟಕಗಳಲ್ಲಿ ಕನ್ನಡ ಸಾಕಾದರೂ ಒಲಿಂಪಿಯಾಡಿನ ಅಭ್ಯಾಸ ಸಾಮಗ್ರಿ ಬಹುಪಾಲು ಇಂಗ್ಲಿಷಿನಲ್ಲೇ ಇದೆ.

ಇವುಗಳಿಂದ ಪ್ರವೇಶಕ್ಕೆ ಏನು ಸಿಗುತ್ತದೆ ಎಂದು ಪೋಷಕರು ಕೇಳುತ್ತಾರೆ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಮತ್ತು ಪರೀಕ್ಷೆಯ ಅಂಕ ಮಾತ್ರ ಲೆಕ್ಕ. ಪ್ರಮಾಣಪತ್ರಗಳ ಕಡತಕ್ಕೆ ಅಲ್ಲಿ ಬೆಲೆಯಿಲ್ಲ. ಆ ಕಡತವನ್ನು ನೋಡುವುದು ಮುಖ್ಯವಾಗಿ ವಿದೇಶದ ಕಾಲೇಜುಗಳು. ಬೆಂಗಳೂರಿನ ಕೆಲವು ಶಾಲೆಗಳ ಮಕ್ಕಳು ಹಣ ತೆತ್ತು ಸೇರುವ 'ಸಂಶೋಧನಾ ಕಾರ್ಯಕ್ರಮ'ಗಳು ಹುಟ್ಟಿಕೊಂಡದ್ದೂ ಆ ಬೇಡಿಕೆಯಿಂದಲೇ. ಸರ್ಕಾರಿ ಶಾಲೆಯ ಮಗು ಅವುಗಳತ್ತ ನೋಡಬೇಕಾದ ಕಾರಣವಿಲ್ಲ. 1999ರಲ್ಲಿ ಆರಂಭವಾಗಿ ಪಿಯುಸಿ ಮಕ್ಕಳನ್ನು ಮೂಲವಿಜ್ಞಾನದತ್ತ ಸೆಳೆದಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ 2022ರಲ್ಲಿ ಇನ್‌ಸ್ಪೈರ್‌ನೊಳಗೆ ವಿಲೀನವಾಯಿತು. ಉಳಿದ ನೇರ ದಾರಿಗಳಲ್ಲಿ ಒಂದು ಮೈಸೂರು ರಸ್ತೆಯಲ್ಲಿದೆ: ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರದ ಬಿ.ಮ್ಯಾಥ್ ಪದವಿಗೆ, ರಾಷ್ಟ್ರೀಯ ಗಣಿತ ಒಲಿಂಪಿಯಾಡಿನಲ್ಲಿ ಪುರಸ್ಕೃತರಾದವರನ್ನು ಲಿಖಿತ ಪರೀಕ್ಷೆಯಿಲ್ಲದೆ ಸಂದರ್ಶನಕ್ಕೆ ಕರೆಯುತ್ತಾರೆ.